ಆ್ಯಪಿಗೆ ಬುತ್ತಿ ಕಟ್ಟುವ ಝಿವ್ಕಾ

ಬೆಳಗಿನ ಐದೂವರೆ. ಪ್ಲೊವ್ಡಿವ್ ಊರಿನ್ನೂ ಮುಸುಕೆಳೆದು ಮಲಗಿದೆ. ಮರಿತ್ಸಾ ನದಿಯ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿದೆ. ಮೂರನೆಯ ಮಹಡಿಯ ಕಚೇರಿಯೊಂದರಲ್ಲಿ ಝಿವ್ಕಾ ಕೆಹಾಯೊವಾ ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ಮೇಜಿಗೆ ತಿರುಗುತ್ತಿದ್ದಾರೆ. ಕಾಫಿ ಆರಿಹೋಗಿದೆ. ಒಂದೇ ಸಲ ಕಚ್ಚಿಬಿಟ್ಟ, ಚೀಸ್ ತುಂಬಿದ ಬಾನಿತ್ಸಾ ತಿಂಡಿ ಕಾಗದದ ಮೇಲೆ ಎಣ್ಣೆ ಬಿಡುತ್ತಿದೆ. ಅವರ ಪರದೆಯ ಮೇಲೆ ಚಿತ್ರವಿಲ್ಲ, ಬಣ್ಣವಿಲ್ಲ. ಬರೀ ಕಪ್ಪು, ಅದರಲ್ಲಿ ಮಿಣುಕುವ ಒಂದು ಗೆರೆ. ನಿಂತುಕೊಂಡೇ ಅಲ್ಲೊಂದು ಸಾಲು ಆದೇಶ ಟೈಪ್ ಮಾಡಿ ಎಂಟರ್ ಒತ್ತುತ್ತಾರೆ.

"ಆ ಕಿಟಕಿ ಮುಚ್ಚಿ ಚಿಕ್ಕಮ್ಮ. ಗಾಳಿ ಬಡಿದು ಕುತ್ತಿಗೆ ಹಿಡ್ಕೊಳ್ಳುತ್ತೆ," ಎಂದು ಪಕ್ಕದ ಮೇಜಿನಿಂದ ಪ್ಲಾಮೆನ್ ಗೊಣಗುತ್ತಾನೆ. ನಲವತ್ತು ದಾಟಿದ ಈ ಗಡ್ಡದ ಆಸಾಮಿಯೇ ಇಲ್ಲಿ ಪ್ರೋಗ್ರಾಂ ಬರೆಯುವವನು.

"ನಿನ್ನ ಕುತ್ತಿಗೆಗೆ ಏನೂ ಆಗಲ್ಲ, ಸುಮ್ನಿರೋ. ಇವತ್ತು ಕತ್ತರಿ ಬೀಳ್ತಿರೋದು ದೆಚ್ಕೊ ಕುತ್ತಿಗೆಗೆ."

ದೆಚ್ಕೊ ಯಾರೆಂದು ಸೋಮವಾರದ ಸಂತೆಗೆ ಹೋಗುವವರಿಗೆ ಹೇಳಬೇಕಿಲ್ಲ. ಮೂವತ್ತು ವರ್ಷದಿಂದ ಕೆಂಪು ಮೆಣಸಿನಕಾಯಿಯ ರಾಶಿಯ ಹಿಂದೆ ನಿಂತು, ಗಂಟಲು ಹರಿಯುವಂತೆ ಕೂಗಿ ಮಾರಿದವರು. ಆ ಗಂಟಲಿಗೇ ಈಗ ಗಡ್ಡೆ ಬಂದಿದೆ. ಎಂಟು ಗಂಟೆಗೆ ಶಸ್ತ್ರಚಿಕಿತ್ಸೆ; ಆಮೇಲೆ ದನಿಯಿಲ್ಲ. ಅಂಥವರಿಗಾಗಿಯೇ ಈ ಕಚೇರಿಯವರು 'ದುಮಾ' ಎಂಬ ಆ್ಯಪ್ ಮಾಡಿದ್ದಾರೆ. ಪರದೆಯ ಚಿತ್ರವೊಂದನ್ನು ಒತ್ತಿದರೆ, ಮೊದಲೇ ಮುದ್ರಿಸಿಟ್ಟ ಸ್ವಂತ ದನಿ ಮಾತಾಡುತ್ತದೆ. ಕಳೆದ ವಾರವಿಡೀ ದೆಚ್ಕೊ ಇಲ್ಲಿಗೆ ಬಂದು ತಮ್ಮ ಮಾತುಗಳನ್ನು ಹೇಳಿಟ್ಟು ಹೋಗಿದ್ದಾರೆ: ನೀರು ಬೇಕು, ನೋಯ್ತಿದೆ, ದೀಪ ಆರಿಸು, ಜೊತೆಗೆ ಹೆಂಡತಿ ಸ್ಟಾಂಕಾರನ್ನು ಬೈಯುವ ಬೈಗುಳಗಳು.

ಶಸ್ತ್ರಚಿಕಿತ್ಸೆ ಆದವರನ್ನು ಇಡುವ ಆಸ್ಪತ್ರೆಯ ವಾರ್ಡು ನೆಲಮಾಳಿಗೆಯಲ್ಲಿದೆ. ದಪ್ಪ ಗೋಡೆ, ನೆಟ್‌ವರ್ಕ್ ಸುಳಿಯುವುದಿಲ್ಲ. ಏಳು ಗಂಟೆಗೆ ಸ್ಟಾಂಕಾ ಟ್ಯಾಬ್ಲೆಟ್ ಹಿಡಿದು ಗೇಟಿನ ಬಳಿ ನಿಲ್ಲುತ್ತಾರೆ. ಒಳಗೆ ಹೋಗುವ ಮುಂಚೆ ಅಲ್ಲಿ ಇಳಿಸಿಕೊಂಡದ್ದೇ ಗಟ್ಟಿ. ಬೇಕಾದದ್ದೆಲ್ಲ ಆ್ಯಪಿನ ಹೊಟ್ಟೆಯೊಳಗೇ ಇರಬೇಕು. ಇಲ್ಲದಿದ್ದರೆ ಎಚ್ಚರವಾದ ದೆಚ್ಕೊ ಚಿತ್ರ ಒತ್ತುತ್ತಾರೆ, ಒತ್ತುತ್ತಲೇ ಇರುತ್ತಾರೆ, ಏನೂ ಕೇಳಿಸುವುದಿಲ್ಲ. ಝಿವ್ಕಾ ರಾತ್ರಿ ನಿದ್ದೆ ಮಾಡದಿರುವುದು ಇದನ್ನು ನೆನೆದೇ.

"ಈ ಪ್ಲಾಮೆನ್ ಅಡುಗೆ ಮಾಡ್ತಾನೆ, ನಾನು ಬುತ್ತಿ ಕಟ್ತೀನಿ, ಅಷ್ಟೇ," ಎನ್ನುತ್ತಾರೆ ತಮ್ಮ ಕೆಲಸದ ಬಗ್ಗೆ. "ಚಿತ್ರ, ದನಿ, ಅಕ್ಷರ ಎಲ್ಲಾ ಬೇರೆ ಬೇರೆ ಕಡೆ ಬಿದ್ದಿರ್ತವೆ. ಇಂಥಿಂಥ ಕಡೆಯಿಂದ ಎತ್ಕೊಂಡು ಒಂದೇ ಗಂಟು ಮಾಡು, ಆ್ಯಪಿನ ಒಳಗಿಡು ಅಂತ ಬರೀತೀನಿ. ಕಂಪ್ಯೂಟರ್ ಮಾಡುತ್ತೆ. ಮರೆತಿದ್ದನ್ನ ಮಾತ್ರ ಜ್ಞಾಪಿಸಲ್ಲ, ಮುಂಡೇದು. ತುಟಿಪಿಟಕ್ಕನ್ನದೆ 'ಆಯಿತು' ಅಂದುಬಿಡುತ್ತೆ."

ಬುತ್ತಿ ಕಟ್ಟುವ ಕೈ ಅವರದು ಹಳೆಯದು. ಹತ್ತೊಂಬತ್ತಕ್ಕೇ ಲ್ಯುತೆನಿತ್ಸಾ ಚಟ್ನಿಯನ್ನು ಸೀಸೆಗೆ ತುಂಬುವ ಕಾರ್ಖಾನೆ ಸೇರಿದ್ದರು. ಅದು ಬಾಗಿಲು ಹಾಕಿದಾಗ ಮಗಳಿಗೆ ಎರಡು ವರ್ಷ. ಗಂಡ ಮೊದಲೇ ಬಿಟ್ಟುಹೋಗಿದ್ದ. ಹಗಲು ಮೆಟ್ಟಿಲು ಒರೆಸಿ, ಸಂಜೆ ಕಂಪ್ಯೂಟರ್ ತರಗತಿಯಲ್ಲಿ ಹುಡುಗ ಹುಡುಗಿಯರ ನಡುವೆ ಕೂತರು. ಈ ಕಚೇರಿಗೆ ಬಂದಾಗ ಯಾರಿಗೂ ಬೇಡವಾದ ಕೆಲಸವೆಂದು ಈ ಕಟ್ಟುವ ಕೆಲಸ ಅವರ ಪಾಲಿಗೆ ಬಿತ್ತು. ಈಗ ವಯಸ್ಸು ಐವತ್ತಾರು. ದಿನಕ್ಕೆ ಆರೇಳು ಬುತ್ತಿ, ಹಬ್ಬದ ಮುಂಚೆ ಹತ್ತು. ಕಳೆದ ವರ್ಷ ದುಮಾ ಆ್ಯಪಿಗೆ ಬಹುಮಾನ ಬಂದಾಗ ತೆಗೆದ ಫೋಟೊದಲ್ಲಿ ಅವರಿಲ್ಲ. ಅವತ್ತೂ ಯಾವುದೋ ಗಂಟು ಕಟ್ಟುತ್ತ ಇಲ್ಲೇ ಇದ್ದರು.

ಪರದೆಯ ಮೇಲೆ 'ಆಯಿತು' ಬಂದಿದೆ. ಪ್ಲಾಮೆನ್ ತನ್ನ ಕಂಪ್ಯೂಟರ್‌ನಲ್ಲಿ ಆ್ಯಪ್ ತೆರೆದು ಒಂದು ಚಿತ್ರ ಒತ್ತುತ್ತಾನೆ. "ನೀರು ಕೊಡೇ!" ಎಂದು ದೆಚ್ಕೊ ಗುಡುಗುತ್ತಾರೆ. ಹೇಗೆ ಎಂಬಂತೆ ಅವನು ಹುಬ್ಬು ಹಾರಿಸುತ್ತಾನೆ.

ಝಿವ್ಕಾರಿಗೆ ಅದು ಸಾಲದು. "ಹಗುರ ಇದೆ ಕಣೋ. ದನಿ ತುಂಬಿದ ಗಂಟು ಇಷ್ಟು ಹಗುರ ಇರಲ್ಲ," ಎನ್ನುತ್ತ ತಮ್ಮ ಪರದೆಯಲ್ಲಿ ಗಂಟಿನ ಗಾತ್ರ ನೋಡುತ್ತಾರೆ. ಅವರದೊಂದು ಪದ್ಧತಿಯಿದೆ. ಬುತ್ತಿ ಕಟ್ಟಿದ ಮೇಲೆ ಅಡುಗೆಮನೆಗೆ ಬೀಗ ಹಾಕಬೇಕು. ಆ್ಯಪನ್ನು ಬೇರೊಂದು ಟ್ಯಾಬ್ಲೆಟ್‌ಗೆ ಹಾಕಿ, ನೆಟ್‌ವರ್ಕ್ ಆರಿಸಿ, ಮೂಲ ಕಡತಗಳ ಗಾಳಿಯೂ ಸೋಕದಂತೆ ಮಾಡಿ ನೋಡುತ್ತಾರೆ. ತನ್ನಲ್ಲಿರುವುದನ್ನಷ್ಟೇ ಉಂಡು ಅದು ಬದುಕಬೇಕು.

ನೀರಿನ ಲೋಟದ ಚಿತ್ರ ಒತ್ತುತ್ತಾರೆ. ಸದ್ದಿಲ್ಲ. ದೀಪದ ಚಿತ್ರ ಒತ್ತುತ್ತಾರೆ. ಇಲ್ಲ.

"ನನ್ನದ್ರಲ್ಲಿ ಮಾತಾಡ್ತಿದೆಯಲ್ಲ ಚಿಕ್ಕಮ್ಮ!"

"ನಿನ್ನದನ್ನ ಹೊತ್ಕೊಂಡು ಹೋಗಿ ಆಸ್ಪತ್ರೇಲಿಡ್ತೀಯಾ? ದನಿಗಳನ್ನ ಎಲ್ಲಿಟ್ಟಿದೀಯ ಹೇಳು."

ಪ್ಲಾಮೆನ್ ತನ್ನ ಕಡತಗಳ ಪಟ್ಟಿ ತೆರೆದು ನೋಡುತ್ತಾನೆ. ದೆಚ್ಕೊ ಮಾತುಗಳನ್ನು ಮುದ್ರಿಸಿದ್ದು ಅವನ ಕಂಪ್ಯೂಟರ್‌ನಲ್ಲಿ. ಅವು ಅಲ್ಲೇ ಕೂತಿವೆ. ಅವನ ಆ್ಯಪ್ ಮನೆಯೂಟವನ್ನೇ ಉಣ್ಣುತ್ತಿತ್ತು. ಝಿವ್ಕಾರ ಆದೇಶವೋ ಎಂದಿನ ಜಾಗಕ್ಕೆ ಹೋಗಿ, ಅಲ್ಲಿದ್ದ ಚಿತ್ರಗಳನ್ನಷ್ಟೇ ಎತ್ತಿಕೊಂಡು ಬಂದಿದೆ.

"ನಾನೂ ಕೇಳ್ಬೇಕಿತ್ತು. ಬಿಡು, ಅತ್ತರೆ ದನಿ ಬರಲ್ಲ. ಎಲ್ಲಾ ಈ ಕಡೆ ತಳ್ಳು."

ಆರೂ ನಲವತ್ತು. ಕಡತಗಳು ಒಂದೊಂದಾಗಿ ಬರುತ್ತಿವೆ. ಸ್ಟಾಂಕಾ ಆಗಲೇ ಎರಡು ಸಲ ಫೋನ್ ಮಾಡಿದ್ದಾರೆ. ಝಿವ್ಕಾ ಆದೇಶದ ಸಾಲಿಗೆ ಹೊಸ ಜಾಗ ಸೇರಿಸುತ್ತಾರೆ, ಬೆರಳು ತಪ್ಪುತ್ತದೆ, ಅಳಿಸಿ ಮತ್ತೆ ಬರೆಯುತ್ತಾರೆ. ಎಂಟರ್. ಈ ಸಲ 'ಆಯಿತು' ಬರುವುದು ತಡವಾಗುತ್ತದೆ, ಗಂಟು ಭಾರವಾಗಿದೆ. ಮತ್ತೆ ಟ್ಯಾಬ್ಲೆಟ್, ಮತ್ತೆ ಬೀಗ, ಮತ್ತೆ ನೀರಿನ ಲೋಟ.

"ನೀರು ಕೊಡೇ!"

ಏಳಕ್ಕೆ ಐದು ನಿಮಿಷವಿರುವಾಗ ಆ್ಯಪ್ ಗೇಟಿನ ಬಳಿಯ ಟ್ಯಾಬ್ಲೆಟ್ ಸೇರುತ್ತದೆ. "ಎಲ್ಲಾ ಕೇಳ್ತಿದೆಯಾ ಚಿಕ್ಕಮ್ಮ?" ಎಂದು ಪ್ಲಾಮೆನ್ ಕೇಳಿದರೆ ಝಿವ್ಕಾ ತಲೆಯನ್ನು ಅಡ್ಡಡ್ಡ ಆಡಿಸುತ್ತಾರೆ, ನಮ್ಮ ಪ್ಲೊವ್ಡಿವ್ ಕಡೆ ಹೌದೆನ್ನುವುದೇ ಹಾಗೆ. ಆದರೂ ಕೂರುವುದಿಲ್ಲ. ಎರಡು ದಿನ ಅವರು ಹೀಗೇ ಓಡಾಡುತ್ತಾರೆ. ಯಾವುದೋ ಒಂದು ಮಾತು ಬಿಟ್ಟುಹೋಗಿದ್ದರೆ? ಆ ಗಂಟಲಿನಿಂದ ಅದನ್ನಿನ್ನು ಮತ್ತೆ ಪಡೆಯಲಾಗದು. ಏನಾದರೂ ಆಸೆಯಿದೆಯೇ ಎಂದು ಕೇಳಿದರೆ, "ನಾನು ಕಟ್ಟಿದ್ದು ಯಾರಿಗೂ ಗೊತ್ತಾಗ್ಬಾರ್ದು. ಗೊತ್ತಾಯ್ತು ಅಂದ್ರೆ ಏನೋ ಬಿಟ್ಟುಹೋಗಿದೆ ಅಂತ ಅರ್ಥ," ಎಂದು ಬಾಗಿಲ ಕಡೆ ನೋಡುತ್ತಾರೆ.

ಮೂರನೆಯ ದಿನ ದೆಚ್ಕೊರನ್ನು ನೆಟ್‌ವರ್ಕ್ ಸಿಗುವ ಮೇಲಿನ ಮಹಡಿಗೆ ಸಾಗಿಸುತ್ತಾರೆ. ಸ್ಟಾಂಕಾರ ಫೋನ್ ಬರುತ್ತದೆ. "ಹೇಗಿದಾರೆ?" ಎಂದು ಝಿವ್ಕಾ ಕೇಳುತ್ತಾರೆ. ಸ್ಟಾಂಕಾ ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯುವುದಿಲ್ಲ. "ಎಚ್ಚರ ಆದಾಗಿಂದ ಬಾಯಿ ಮುಚ್ಚಿಲ್ಲ ಕಣಮ್ಮ. ನೀನೇ ಕೇಳು," ಎನ್ನುತ್ತಾರೆ. ಆಚೆಯಿಂದ ಸಂತೆಯ ಆ ಒಡಕು ದನಿ ಕಚೇರಿಯ ತುಂಬ ಮೊಳಗುತ್ತದೆ:

"ಆ ಕಿಟಕಿ ಮುಚ್ಚೇ! ಗಾಳಿ ಬಡಿಸಿ ಸಾಯಿಸ್ತೀಯಾ?"

ಝಿವ್ಕಾ ಮೂರು ದಿನದಲ್ಲಿ ಮೊದಲ ಸಲ ಕುರ್ಚಿಗೆ ಒರಗಿ ಕೂರುತ್ತಾರೆ. ಅಂಗೈಯಿಂದ ಕಣ್ಣೊರೆಸಿಕೊಳ್ಳುತ್ತಾರೆ. "ಕೇಳಿಸಲಿಲ್ವೇನೋ?" ಎಂದು ಪ್ಲಾಮೆನ್ ಕಡೆ ತಿರುಗುತ್ತಾರೆ. "ಎದ್ದು ಕಿಟಕಿ ಮುಚ್ಚು."