ಏಳನೆಯ ಬಾವಿಯ ಅಳತೆ

ಅಜ್ಜಂಪುರದ ಮೃತ್ಯುಂಜಯ ಕೈಯಿಟ್ಟ ಉಪಕರಣ ಸುಳ್ಳು ಹೇಳುತ್ತಿರಲಿಲ್ಲ. ಇದನ್ನು ಈಗ ಇಷ್ಟು ಸಲೀಸಾಗಿ ಬರೆಯುತ್ತಿರುವ ನಾನೇ, ಅವರ ಅಳತೆ ತಪ್ಪು ಎಂದು ಒಮ್ಮೆ ಸಹಿ ಹಾಕಿದವನು. ನಾನು ಕಡೂರಿನ ಮುರಳೀಕೃಷ್ಣ. ಇಬ್ಬರೂ ಗುಜರಾತಿನ ಒಂದು ತೈಲ ಕಂಪನಿಯಲ್ಲಿದ್ದೆವು. ಅವರು ಬಾವಿಯೊಳಗೆ ಉಪಕರಣ ಇಳಿಸಿ, ಯಾವ ಆಳದ ಕಲ್ಲಿನಲ್ಲಿ ಶಬ್ದ ಎಷ್ಟು ವೇಗವಾಗಿ ಓಡುತ್ತದೆಂದು ಅಳೆಯುವ ಆಪರೇಟರ್. ನಾನು ಎಸಿ ರೂಮಿನಲ್ಲಿ ಕೂತು ಲೆಕ್ಕ ಹಾಕುವ ವಿಜ್ಞಾನಿ. ರಜೆಗೆ ಊರಿಗೆ ಒಂದೇ ರೈಲಿನಲ್ಲಿ ಬರುತ್ತಿದ್ದೆವು. ಅವರ ಬುತ್ತಿಯ ರೊಟ್ಟಿಯಲ್ಲಿ ಅರ್ಧ ನನ್ನದು.

ನೆಲಕ್ಕೆ ಪೆಟ್ಟು ಕೊಟ್ಟರೆ ಒಳಗಿನ ಪದರಗಳಿಂದ ಪ್ರತಿಧ್ವನಿ ಬರುತ್ತದೆ. ಅದರಿಂದ ಹಿಮ್ಮುಖವಾಗಿ ಲೆಕ್ಕ ಹಾಕಿ, ಕೆಳಗೆ ಎಂಥ ಕಲ್ಲಿದೆ ಎಂದು ಹೇಳುವುದೇ ಇನ್ವರ್ಷನ್. ಆಗಿನ ನಮ್ಮ ವಿಧಾನದಲ್ಲಿ ಬೇರೆ ಬೇರೆ ಕೋನಗಳಿಂದ ಬಂದ ಪ್ರತಿಧ್ವನಿಗಳನ್ನೆಲ್ಲ ಮೊದಲೇ ಒಟ್ಟುಗೂಡಿಸಿಬಿಡುತ್ತಿದ್ದೆವು. ಸೂಕ್ಷ್ಮಗಳು ಅಲ್ಲೇ ಕಳೆದುಹೋಗುತ್ತಿದ್ದವು. ಆದರೂ ಆ ಲೆಕ್ಕದಿಂದ ನಾನು ಬರೆದ ನೆಲದೊಳಗಿನ ನಕ್ಷೆಯ ಮೇಲೆ ನನಗೆ ವಿಪರೀತ ಮೋಹ.

2009ರಲ್ಲಿ ಆರು ಬಾವಿಗಳ ಅಳತೆ ನನ್ನ ಲೆಕ್ಕಕ್ಕೆ ಸರಿಯಾಗಿ ಕೂತಿತು. ಏಳನೆಯದು ಕೂರಲಿಲ್ಲ. ಒಂದು ತೆಳು ಪದರದಲ್ಲಿ ಶಬ್ದ ತೀರಾ ನಿಧಾನವಾಗಿ ಓಡಿದೆ ಎನ್ನುತ್ತಿತ್ತು ಮೃತ್ಯುಂಜಯರ ಅಳತೆ. ಎರಡು ಸಲ ಇಳಿಸಿ ನೋಡಿದ್ದೇನೆ, ಎರಡು ಸಲವೂ ಅದೇ ಬಂತು ಎಂದರು. ನನಗೆ ರೇಗಿತು. ಮೇಲಿನವರಿಗೆ ನಕ್ಷೆ ತೋರಿಸುವ ದಿನ ಹತ್ತಿರ ಬಂದಿತ್ತು. 'ಆಪರೇಟರನ ಅಜಾಗರೂಕತೆ' ಎಂದು ವರದಿಯಲ್ಲಿ ಬರೆದು ಆ ಅಳತೆಯನ್ನು ಕೈಬಿಟ್ಟೆ. ಅವರನ್ನು ನಮ್ಮ ಕಟ್ಟಡದ ಕೆಳಗಿನ ಸ್ಟೋರಿಗೆ ಹಾಕಿದರು. ನಟ್ಟು ಬೋಲ್ಟು ಎಣಿಸುವ ಕೆಲಸ.

2018ರಲ್ಲಿ ನಮ್ಮಲ್ಲಿಗೆ ಹೊಸ ವಿಧಾನ ಬಂತು. ಒಂದೊಂದು ಕೋನದ ಪ್ರತಿಧ್ವನಿಯನ್ನೂ ಬೇರೆಯಾಗಿಯೇ ಇಟ್ಟು ಹಾಕುವ ಲೆಕ್ಕ ಅದು. ಹಳೆಯ ಮಾಹಿತಿಯನ್ನೇ ಅದಕ್ಕೆ ಕೊಟ್ಟು ನೋಡಿದೆ. ಮೃತ್ಯುಂಜಯ ಹೇಳಿದ ಆಳದಲ್ಲೇ, ಅವರು ಹೇಳಿದಷ್ಟೇ ದಪ್ಪದ ಪದರ ಕಾಣಿಸಿತು, ಅನಿಲ ತುಂಬಿದ ಮರಳುಗಲ್ಲು. ಅನಿಲವಿದ್ದಲ್ಲಿ ಶಬ್ದ ನಿಧಾನವಾಗುತ್ತದೆ. ಕಂಪನಿ ನನಗೆ ಶಾಲು ಹೊದಿಸಿತು. ನಾಚಿಕೆಯಿಲ್ಲದೆ ಹೊದ್ದುಕೊಂಡೆ. ಅಲ್ಲಿಂದಾಚೆ ಊರಿಗೆ ಬೇರೆ ದಿನದ ಟಿಕೆಟ್ ಮಾಡಿಸತೊಡಗಿದೆ.

ಅವರು 2021ರಲ್ಲಿ ಸ್ಟೋರಿನಿಂದಲೇ ನಿವೃತ್ತರಾದರು. ನಾನು ನಿವೃತ್ತನಾಗಿ ಕಡೂರಿಗೆ ಬಂದ ಮೇಲೆ, ಕಳೆದ ತಿಂಗಳು ಅಜ್ಜಂಪುರದ ಅವರ ಮನೆಗೆ ಹೋದೆ. ಬಿಪಿ ನೋಡಿಕೊಳ್ಳುತ್ತಿದ್ದರು. ಮೂರು ಸಲ ನೋಡಿ, ಕೊನೆಗೆ ಹೆಂಡತಿಯನ್ನು ಕರೆದು ಓದಿಸಿದರು.

"ಕರೆಂಟ್ ಮೀಟರ್ ಆದ್ರೂ ಅಷ್ಟೆ ಕಣ್ರೀ, ನಾನೇ ಓದ್ಬೇಕು. ತಮ್ ಕಣ್ಣನ್ನೇ ನಂಬಲ್ಲ ಇವ್ರು" ಎಂದು ದಾಕ್ಷಾಯಣಮ್ಮ ನಗುತ್ತ ಒಳಗೆ ಹೋದರು.

ವರದಿಯಲ್ಲಿ ನಾನು ಬರೆದ ಆ ಎರಡು ಪದಗಳನ್ನು ಈ ಮನುಷ್ಯ ನಿಜವೆಂದೇ ನಂಬಿದ್ದರು. ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಯಾವಾಗ ಗೊತ್ತಾಯಿತು ಎಂದು ಕೇಳಿದರು. ಸುಳ್ಳೊಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಹದಿನೆಂಟರಲ್ಲಿ ಎಂದೆ.

"ಒಂಬತ್ರಲ್ಲಿ ಬರ್ದಿದ್ದು ಹೋಗ್ಲಿ ಬಿಡಿ ಸಾರ್. ಹದಿನೆಂಟ್ರಿಂದ ಮೂರು ವರ್ಷ ನಾನು ಕೆಳಗೇ ಇದ್ನಲ್ಲ. ಒಂದ್ಸಲ ಮೆಟ್ಲಿಳ್ದು ಬಂದಿದ್ರೆ ಸಾಕಾಗಿತ್ತು."

ಹೆದರಿದೆ ಎಂದೆ. ಬಂದ ಹೆಸರು ಹೋಗುತ್ತದೆಂದು ಹೆದರಿದೆ. ಅವರು ಹೆಂಡತಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಇವಳ ಮುಂದೆ ಇನ್ನೊಮ್ಮೆ ಹೇಳಿ ಎಂದರು. ಮೊದಲಿನಿಂದ ಹೇಳಿದೆ. ಈ ಸಲ ವರ್ಷವನ್ನು ಅವರು ಕೇಳುವ ಮೊದಲೇ ಹೇಳಿದೆ.