ಕುಳ್ಳಮ್ಮ ಜಾಲರಿ ಪಳಗಿಸಿದ್ದು

ಕುಲುಮೆಯ ಕರಿಯಾಚಾರಿ ಜ್ವರ ಬಂದು ಸತ್ತು ಇನ್ನೂ ತಿಂಗಳಾಗಿರಲಿಲ್ಲ. ಅವನ ತಮ್ಮ ಚಲುವಾಚಾರಿ ಚಿನಕುರಳಿಯಿಂದ ಗಂಜಾಂ ಪೇಟೆಗೆ ಬಂದವನೇ ಅಣ್ಣ ಕಬ್ಬಿಣ ಬಡಿಯುತ್ತಿದ್ದ ಅಡಿಗಲ್ಲಿನ ಮೇಲೆ ಕೈಯಿಟ್ಟ.

"ಅತ್ಗೆ, ಇದ್ನ ಊರಿಗೆ ತಕ್ಕೊಂಡೋಯ್ತೀನಿ. ಎಂಗಸ್ರು ಸುತ್ಗೆ ಇಡಿಯಕಾಯ್ತದಾ?"

"ಇಡಿಯೋರ್ನ ಕೂಲಿಗೆ ಕರೀತೀನಿ. ನಿಮ್ಮಣ್ಣ ಕುಂತಿದ್ದ ಜಾಗ ಅದು. ಅಲ್ಲಾಡುಸ್ಬ್ಯಾಡ," ಎಂದಳು ಕುಳ್ಳಮ್ಮ.

"ನಿನ್ನ ನಂಬಿ ಕೆಲ್ಸ ಕೊಡೋನು ಒಬ್ಬ ಇದ್ರೆ ತೋರ್ಸು. ಅಡಿಗಲ್ಲಿನ ತಂಟೆಗೇ ಬರಕಿಲ್ಲ."

ಒಬ್ಬ ಇದ್ದ. ಸಂತೆಮೂಲೆಯಲ್ಲಿ ಕಬಾಬು ಸುಡುವ ಬುಡನ್ ಸಾಬಿ. ಮಗಳ ಮದುವೆಗೆಂದು ನಾಗಮಂಗಲಕ್ಕೆ ಹೋಗಿ ಬರುವಷ್ಟರಲ್ಲಿ ಅವನ ಕಬ್ಬಿಣದ ಜಾಲರಿ ಮಳೆಗೆ ನೆನೆದು ತುಕ್ಕು ಹಿಡಿದಿತ್ತು. ಅದನ್ನು ಉಜ್ಜಿ, ಎಣ್ಣೆ ಸವರಿ ಕಾಯಿಸಿ ಪಳಗಿಸಿ ಕೊಡುತ್ತಿದ್ದವನು ಕರಿಯಾಚಾರಿ. ಈಗ ಕುಳ್ಳಮ್ಮ ತಾನೇ ಹೋಗಿ ಕೇಳಿ ತಂದಳು.

ಮಾಂಸ ತಿನ್ನದ ಮನೆ. ಸೆರಗನ್ನು ಮೂಗಿಗೆ ಬಿಗಿದುಕೊಂಡು ಇಟ್ಟಿಗೆ ಚೂರು, ಬೂದಿ, ಹುಣಿಸೆಹುಳಿ ಹಾಕಿ ಉಜ್ಜಿದಳು. ಹಳೇ ಕೊಬ್ಬು ಹಕ್ಕಳೆ ಹಕ್ಕಳೆಯಾಗಿ ಎದ್ದಿತು. ಬೀದಿನಾಯಿಗಳು ಕರೆದ ನೆಂಟರ ಹಾಗೆ ಬಾಗಿಲಲ್ಲಿ ಸಾಲಾಗಿ ಕೂತವು. ತೊಳೆದು ಕುಲುಮೆಯ ಕೆಂಡದ ಮೇಲಿಟ್ಟಳು. ಗಂಡನಾದರೆ ಹುಚ್ಚೆಳ್ಳೆಣ್ಣೆ ಸವರಿ, ಸವರಿದ್ದನ್ನೆಲ್ಲ ಬಟ್ಟೆಯಿಂದ ಒರೆಸಿಬಿಡುತ್ತಿದ್ದ. ಎಂಥ ಜಿಪುಣ ಎಂದು ಅವಳು ಅವನೊಂದಿಗೆ ಜಗಳವಾಡಿದ್ದುಂಟು. ಸತ್ತವನ ಹೆಸರಿಗೆ ಜಿಪುಣತನ ಬೇಡವೆಂದು ಈಗ ಕೈತುಂಬ ಸುರಿದಳು. ಜಾಲರಿ ಮದುಮಗಳ ಹಾಗೆ ಮಿಂಚಿತು. ಅವತ್ತೇ ಸಾಬಿಯ ಅಂಗಡಿಗೆ ತಲುಪಿಸಿದಳು.

ಮರುದಿನ ಬೆಳಿಗ್ಗೆ ಬುಡನ್ ಸಾಬಿ ಬಾಗಿಲಿಗೆ ಬಂದ.

"ಅಮ್ಮಯ್ಯಾ, ಜಾಲರಿ ಹಲಸಿನ ಮೇಣ ಆಗೈತೆ. ಕಬಾಬು ಅದನ್ನ ಬಿಟ್ಟು ಬರಲ್ಲ ಅಂತದೆ. ಸಂಜೆ ಕೋಟೆ ಸಿಪಾಯಿಗಳು ಬಂದ್ರೆ ಕಬ್ಬಿಣ ತಿನ್ಸ್ಲಾ? ಮೊದ್ಲು ಸರಿಮಾಡು. ಇಲ್ದಿದ್ರೆ ಬೇರೆ ಆಚಾರಿ ನೋಡ್ಕೊತೀನಿ."

ಚಲುವಾಚಾರಿ ಹಲ್ಲು ಬಿಟ್ಟ. "ಇವತ್ತು ಅಮಾಸೆ ಕಣತ್ಗೆ. ಅಮಾಸೆ ದಿನ ಕುಲುಮೆ ಅಚ್ಚುದ್ರೆ ಕುಲದೋರು ಸುಮ್ಕಿರಕಿಲ್ಲ."

"ಕುಲುಮೆ ಯಾರ್ಲಾ ಅಚ್ಚೋರು? ಸಾಬ್ರ ಒಲೆಗೆ ಅಮಾಸೆ ಐತಾ?"

ಎಣ್ಣೆ ಕುಡಿಕೆ, ಇಟ್ಟಿಗೆ ಚೂರು, ಒಣಬಟ್ಟೆ ತೆಗೆದುಕೊಂಡು ಹೊರಟೇಬಿಟ್ಟಳು. ಗಂಡ ಸತ್ತ ಹೆಂಗಸು ಹಗಲಲ್ಲೇ ಕಬಾಬಿನಂಗಡಿಗೆ ನಡೆದದ್ದನ್ನು ನೋಡಿ ಬೀದಿಗೆ ಬೀದಿಯೇ ಬಾಗಿಲಿಗೆ ಬಂತು. ಅವಳು ಸೋಲುವುದನ್ನು ಕಣ್ಣಾರೆ ನೋಡಲು ಚಲುವಾಚಾರಿಯೂ ಹಿಂದೆ ಬಂದ.

ಮೇಣವನ್ನು ಕೆರೆದಳು. ತೊಳೆದು ಕೆಂಡದ ಮೇಲೆ ಕಾಯಿಸಿದಳು. ಚೂರೇ ಚೂರು ಎಣ್ಣೆ ಸವರಿ, ಸವರಿದ್ದೇ ಸುಳ್ಳೆನ್ನುವ ಹಾಗೆ ಒರೆಸಿದಳು. ಹೊಗೆ ಎದ್ದು ಅಡಗಿತು. ಮತ್ತೆ ಸವರಿ ಮತ್ತೆ ಒರೆಸಿದಳು.

"ಅರೆ, ಒರ್ಸೋದಾದ್ರೆ ಹಚ್ಚೋದ್ಯಾಕೆ?" ಎಂದ ಸಾಬಿ.

"ಕಬ್ಣಕ್ಕೆ ಎಣ್ಣೆ ಕುಡಿಸ್ಬೇಕು ಸಾಬ್ರೇ, ಎಣ್ಣೆಸ್ನಾನ ಮಾಡಿಸ್ಬಾರ್ದು."

ಹೇಳಿ ಇನ್ನೊಮ್ಮೆ ಒರೆಸಿದಳು. ಹಿಂದೆ ಅವಳು ಇದನ್ನೇ ಕೇಳಿದಾಗ ಕರಿಯಾಚಾರಿ ಒಮ್ಮೆಯೂ ಉತ್ತರ ಹೇಳಿರಲಿಲ್ಲ. ಬರೀ ನಗುತ್ತಿದ್ದ. ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಇದ್ದಿದ್ದರೆ ಈಗಲೇ ಹೋಗಿ ಜಗಳ ತೆಗೆಯುತ್ತಿದ್ದಳು.

ಜಾಲರಿ ಕಪ್ಪಾಗಿ ಒಣಗಿ ನಿಂತಿತು. ಸಾಬಿ ಮಾಂಸ ಎತ್ತಿದ.

"ತಡೀರಿ, ಮೊದ್ಲು ನಂದು," ಎಂದು ಪಕ್ಕದ ತರಕಾರಿ ಗುಡ್ಡೆಯಿಂದ ಬದನೆಕಾಯಿ ಕೊಂಡು, ಸೀಳಿ ಹಾಕಿದಳು.

ಬೇಗನೆ ಬಂದುಬಿಟ್ಟಿದ್ದ ಸಿಪಾಯಿಯೊಬ್ಬ ಬಗ್ಗಿ ನೋಡಿದ. "ಇದೇನು ಸಾಬಿ, ನಿನ್ನ ಕುರಿಗೆ ತೊಟ್ಟು ಬಂದದೆ?"

ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಬದನೆಕಾಯಿಯ ಮೇಲಿತ್ತು. ಚಲುವಾಚಾರಿಗೆ ತಡೆಯಲಾಗಲಿಲ್ಲ. ತಾನೇ ಕಡ್ಡಿಯಿಂದ ತಳ್ಳಿದ. ಹೋಳು ಸರ್ರನೆ ಜಾರಿ ಬೂದಿಗೆ ಬಿತ್ತು.

"ಅಂಟಿಲ್ಲ," ಎಂದ, ಮುಖ ಹುಳ್ಳಗೆ ಮಾಡಿಕೊಂಡು.

"ವಾಹ್ ಅಮ್ಮಯ್ಯಾ! ಇನ್ನೊಂದು ಜಾಲರಿ ಐತೆ. ನಾಳೆನೇ ಕಳಿಸ್ತೀನಿ," ಎಂದ ಸಾಬಿ.

ಕುಳ್ಳಮ್ಮ ಕೈಯೊರೆಸಿಕೊಂಡು ಮೈದುನನ ಕಡೆ ತಿರುಗಿದಳು.

"ಅಡಿಗಲ್ಲು ಅಲ್ಲೇ ಇರ್ತದೆ. ನಾಳೆ ಕುಲುಮೆ ತಿದಿ ಒತ್ತಕ್ಕೆ ಆಳು ಬೇಕು. ಇರ್ತೀಯೋ, ಓಯ್ತೀಯೋ?"

ಚಲುವಾಚಾರಿ ತಲೆ ಕೆರೆದುಕೊಂಡ. "ಉಣ್ಣಕ್ಕೇನು ಮಾಡೀಯೆ?"

"ಬದ್ನೆಕಾಯಿ."