ಒಂದೇ ಸಲ ಹೇಳುವ ಪವರ್ ಸಪ್ಲೈ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸಾಗರದ ನಮ್ಮ ವರ್ಕ್‌ಶಾಪಿನಲ್ಲಿ ಅದು ಎಲ್ಲರಿಗೂ ಗೊತ್ತು. ಎಲ್ಲರೂ ಅಂದರೆ ಇಬ್ಬರೇ: ನಾನು, ಮತ್ತೆ ಹೊಸನಗರದಿಂದ ದಿನಾ ಬಸ್ಸಿನಲ್ಲಿ ಬರುವ ನನ್ನ ಗೆಳತಿ. ಮೆಷಿನ್ನುಗಳ ಎಲೆಕ್ಟ್ರಾನಿಕ್ ಬೋರ್ಡ್ ಮಾಡುವುದು ಅವಳು, ಅದನ್ನು ಪರೀಕ್ಷಿಸುವ ಪ್ರೋಗ್ರಾಮ್ ಬರೆಯುವುದು ನಾನು.

ಹೋದ ವರ್ಷ ಅಡಿಕೆ ಕೊಯ್ಲಿಗೆ ಮುಂಚೆ ಅವಳು ಮೊದಲ ಸಲ ಪೂರ್ತಿ ಸ್ವಂತದ್ದೊಂದು ಬೋರ್ಡ್ ಮಾಡಿದಳು. ಬ್ಯಾಟರಿಯಲ್ಲಿ ಓಡುವ ಅಡಿಕೆ ಸುಲಿಯುವ ಮೆಷಿನ್ನಿಗೆ ಅದು. ಸೆರಗೋ ಬಟ್ಟೆಯೋ ಸಿಕ್ಕಿಕೊಂಡರೆ ಮೋಟಾರನ್ನು ತಕ್ಷಣ ನಿಲ್ಲಿಸಬೇಕು. ಆ ಮೆಷಿನ್ ಮಾಡುವವರು ತೀರ್ಥಹಳ್ಳಿಯ ಒಬ್ಬರು. ಎಷ್ಟು ಬೇಗ ನಿಲ್ಲುತ್ತದೆಂದು ಅಳೆದು ತೋರಿಸಿದರೆ ಮಾತ್ರ ತಗೊಳ್ಳುತ್ತೇನೆ ಎಂದಿದ್ದರು. ಅವರು ಬೇಡವೆಂದರೆ ಅವಳ ಬೋರ್ಡ್ ಮೂಲೆ ಸೇರುವುದೇ.

ಪರೀಕ್ಷೆಯಲ್ಲಿ ಬ್ಯಾಟರಿಯ ಬದಲು ಇಡುವ ನಮ್ಮ ಪವರ್ ಸಪ್ಲೈ ಕರೆಂಟು ಕೊಡುವುದಲ್ಲದೆ ತಾನೇ ಅಳೆಯುತ್ತದೆ ಕೂಡ. ಏನಾದರೂ ಸಿಕ್ಕಿಕೊಂಡರೆ ಮೋಟಾರ್ ಎಳೆಯುವ ಕರೆಂಟು ಏರುತ್ತದೆ. ಕರೆಂಟು ಇಷ್ಟು ದಾಟಿದ ಕೂಡಲೇ ಅಳತೆ ಶುರು ಮಾಡು ಎಂದು ಮೊದಲೇ ಹೇಳಿಟ್ಟರೆ ಕಾದು ಕೂತಿರುತ್ತದೆ. ಅದಕ್ಕೆ ಟ್ರಿಗರ್ ಎನ್ನುತ್ತೇವೆ. ಆಮೇಲೆ ನನ್ನ ಪ್ರೋಗ್ರಾಮ್ ಅದರ ಸ್ಟೇಟಸ್ ವಿಚಾರಿಸುತ್ತಲೇ ಇರಬೇಕು: ಮುಗಿಯಿತಾ, ಮುಗಿಯಿತಾ? ‘ಮುಗಿಯಿತು’ ಎಂದ ಮೇಲೆ ಅಳತೆ ತರಿಸಿಕೊಂಡು ಗ್ರಾಫ್ ಬಿಡಿಸುತ್ತದೆ.

ತೀರ್ಥಹಳ್ಳಿಯವರು ತಮ್ಮದೊಂದು ಮೆಷಿನ್ ತಗೊಂಡು ಬಂದರು. ಬಂದವರನ್ನು ನಮ್ಮ ಕಡೆ ನಿಲ್ಲಿಸಿಯೇ ಮಾತಾಡಿಸುವುದುಂಟೇ? ಗೆಳತಿ ಜಗಲಿಯಲ್ಲಿ ಕೂರಿಸಿ ಕಷಾಯ ಕೊಟ್ಟಳು. ಅಷ್ಟಕ್ಕೇ ಬಿಡದೆ, ಅವರು ಎದ್ದು ಒಳಗೆ ಬರುವ ತೊಂದರೆ ಯಾಕೆಂದು ಅಲ್ಲೊಂದು ಲ್ಯಾಪ್‌ಟಾಪ್ ಇಟ್ಟು, ಅದೂ ಪವರ್ ಸಪ್ಲೈಯ ಸ್ಟೇಟಸ್ ಕೇಳಿ ತೋರಿಸುವ ಹಾಗೆ ಮಾಡಿದ್ದಳು. ನನಗೆ ಹೇಳಿರಲಿಲ್ಲ.

ಒಳಗೆ ಮೆಷಿನ್ ತಿರುಗುತ್ತಿದ್ದಾಗ ಅವಳು ರೋಲರಿಗೆ ಹಳೇ ಬಟ್ಟೆಯ ತುಂಡು ಕೊಟ್ಟಳು. ಮೋಟಾರ್ ನಿಂತಿತು. ನನ್ನ ಪರದೆ ಮಾತ್ರ ಕಾಯುತ್ತಲೇ ಇತ್ತು. ಇನ್ನೊಮ್ಮೆ ಮಾಡಿದೆವು, ಅದೇ ಕಥೆ. ನನಗೆ ಉರಿದುಹೋಯಿತು.

“ಎಂತ ಮಾರಾಯ್ತಿ ಇದು! ನಿನ್ನ ಬೋರ್ಡಲ್ಲಿ ಕರೆಂಟೇ ಏರ್ತಾ ಇಲ್ಲ!”

ಅವಳ ಮುಖ ಬಾಡಿತು. ಅಷ್ಟರಲ್ಲಿ ಜಗಲಿಯಿಂದ ಕೂಗು ಬಂತು: “ಇನ್ನೂ ಎಂತಕ್ಕೆ ಕಾಯ್ತಿದೀರಿ ಮಾರಾಯ್ರೆ? ಇಲ್ಲಿ ಮುಗೀತು ಅಂತ ಬಂತಲ್ಲ!”

ಓಡಿಹೋಗಿ ನೋಡಿದೆ. ಅಯ್ಯೋ ದೇವರೇ! ಈ ಪವರ್ ಸಪ್ಲೈ ‘ಮುಗಿಯಿತು’ ಎಂಬುದನ್ನು ಮೊದಲು ಕೇಳಿದವರಿಗೆ ಹೇಳಿ, ಅಲ್ಲಿಗೇ ಅಳಿಸಿಬಿಡುತ್ತದೆ. ಜಗಲಿಯ ಲ್ಯಾಪ್‌ಟಾಪ್ ನನಗಿಂತ ಚುರುಕಾಗಿ ಕೇಳಿ ಉತ್ತರ ನುಂಗುತ್ತಿತ್ತು. ನನ್ನ ಪ್ರೋಗ್ರಾಮಿಗೆ ಸಿಗುತ್ತಿದ್ದದ್ದು ಸೊನ್ನೆ.

“ಅವ್ರಿಗೂ ಕಾಣ್ಲಿ ಅಂತ ಮಾಡ್ದೆ ಅಕ್ಕಾ.”

“ಭಾರೀ ಉಪಚಾರ ಕಣೇ ನಿಂದು!” ಎಂದೆ. ಬೈಯಲು ಹೊರಟವಳಿಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು.

ಇನ್ನು ಕೇಳುವುದು ನನ್ನ ಪ್ರೋಗ್ರಾಮ್ ಒಂದೇ, ಜಗಲಿಗೆ ಸುದ್ದಿ ಮುಟ್ಟಿಸುವುದೂ ಅದೇ ಎಂದು ಬದಲಾಯಿಸಿದೆ. ಈ ಸಲ ಗ್ರಾಫ್ ಬಂತು. ಕರೆಂಟು ಸರ್ರನೆ ಏರಿ, ಕಣ್ಣು ಮಿಟುಕಿಸುವುದರೊಳಗೆ ಸೊನ್ನೆಗೆ ಇಳಿದಿತ್ತು. ಖುಷಿಗೆ ನಾನು ಮೇಜು ಗುದ್ದಿದೆ.

ಅವರು ಒಳಗೆ ಬಂದು ಗ್ರಾಫನ್ನು ಸುಮಾರು ಹೊತ್ತು ನೋಡಿದರು. ಆಮೇಲೆ, “ಅಡ್ಡಿಲ್ಲ. ಮೊದಲ್ನೇದನ್ನ ನಮ್ಮನೆಯವಳ ಮೆಷಿನ್ನಿಗೇ ಹಾಕ್ತೀನಿ. ದಿನಾ ಅದ್ರ ಮುಂದೆ ಕೂರೋದು ಅವಳೇ,” ಎಂದರು.

ಗೆಳತಿ ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಮತ್ತೆ ಮೆಷಿನ್ನಿನ ಹತ್ತಿರ ಹೋದಳು. “ಹಂಗಾದ್ರೆ ತಡೀರಿ, ಇನ್ನೊಂದ್ಸಲ ನೋಡಿಯೇ ಕೊಡ್ತೀನಿ,” ಎಂದವಳೇ ಮೆಷಿನ್ ಶುರು ಮಾಡಿ, ಹೆಗಲ ಮೇಲಿದ್ದ ತನ್ನ ಹೊಸ ವೇಲನ್ನೇ ತೆಗೆದು ಅದರ ತುದಿಯನ್ನು ರೋಲರಿಗೆ ಕೊಟ್ಟಳು. ಮೋಟಾರ್ ನಿಂತಿತು. ವೇಲಿನ ಒಂದು ಎಳೆಯೂ ಕಿತ್ತುಹೋಗಿರಲಿಲ್ಲ.